‘ಸರಿ ಇದ್ದೀನಿ’ ಅಂತ ಬರೆದು ಮುಗಿಸಬೇಡ

ಪ್ರಿಯ ಪೊನ್ನಪ್ಪ,

ಮಳೆ ಹೇಗಿದೆ ಅಂತ ಕೇಳಿದ್ದೆ. ಜೋರಾಗಿದೆ. ಇವತ್ತು ಬೇರೆ ವಿಷಯ ಬರೆಯಬೇಕು, ಸಾಯಬೇಕು ಅನ್ನಿಸುವವರ ವಿಷಯ. ನಾಲ್ಕು ಜನ ಓದಲಿ ಅಂತಲೇ ಇಲ್ಲಿ ಹಾಕುತ್ತಿದ್ದೇನೆ.

ನಮ್ಮ ಕೊಡಗಿನ ಸಿದ್ದಾಪುರದ ಕಡೆ ಕಾಫಿ ತೋಟಗಳಲ್ಲಿ ಅಸ್ಸಾಮಿನವರು ತುಂಬ ಜನ ಇದ್ದಾರಲ್ಲ. ಹೋದ ವಾರ ತೋಟದ ಕೆಲಸದವರ ಲೈನ್ ಮನೆಯ ಹುಡುಗನೊಬ್ಬ ನನ್ನ ಮದ್ದಿನಂಗಡಿಗೆ ಬಂದ. ಹೆಂಡತಿಗೆ ವಾಂತಿ, ಮದ್ದು ಕೊಡಿ ಅಂದ. ಅರ್ಧ ಹಿಂದಿ, ಅರ್ಧ ಕೈಸನ್ನೆ. ಬಿಡದೆ ಕೇಳಿದಾಗ ತಿಳಿಯಿತು, ಹಿಂದಿನ ರಾತ್ರಿ ಅವಳು ಸಾಯಬೇಕು ಅಂತ ಮನೆಯಲ್ಲಿದ್ದ ನೋವಿನ ಮಾತ್ರೆ, ಪ್ಯಾರಾಸಿಟಮಾಲ್, ನುಂಗಿದ್ದಾಳೆ. ‘ಅಬ್ ಠೀಕ್ ಹೈ’ ಅಂತಲೇ ಇದ್ದ.

ಪ್ಯಾರಾಸಿಟಮಾಲ್ ಮೋಸ ಮಾಡುವುದೇ ಹೀಗೆ. ಮೊದಲು ಸ್ವಲ್ಪ ವಾಂತಿ, ಆಮೇಲೆ ಎಲ್ಲ ಸರಿಹೋದಂತೆ. ಒಳಗೆ ಲಿವರ್ ಹಾಳಾಗುತ್ತಿರುತ್ತದೆ, ಗೊತ್ತಾಗುವುದು ಎರಡು ಮೂರು ದಿನದ ಮೇಲೆ. ಅಸಿಟೈಲ್‌ಸಿಸ್ಟೀನ್ ಅನ್ನುವ ಮದ್ದಿದೆ, ಬೇಗ ಸಿಕ್ಕಷ್ಟೂ ಒಳ್ಳೆಯದು. ಸರಿ ಇದ್ದಾರೆ ಅಂತ ಕಾಯುತ್ತ ಕೂರಲೇಬಾರದು. ಪೊಲೀಸ್ ಕೇಸಾಗುತ್ತೆ ಅಂತ ಅವನಿಗೆ ಹೆದರಿಕೆ. 2017ರ ಮಾನಸಿಕ ಆರೋಗ್ಯ ಕಾಯ್ದೆ ಸಾಯಲು ಪ್ರಯತ್ನಿಸಿದವರಿಗೆ ಆರೈಕೆ ಕೊಡಿ ಅನ್ನುತ್ತದೆ, ಶಿಕ್ಷೆ ಅಲ್ಲ. ಹೇಳಿ ಒಪ್ಪಿಸಿ ಮಡಿಕೇರಿಯ ಆಸ್ಪತ್ರೆಗೆ ಕಳಿಸಿದೆವು. ಉಳಿದಳು. ಊರಲ್ಲಿ ಬಿಟ್ಟು ಬಂದ ಮಗು, ಸಾಲ, ಮಾತೇ ತಿಳಿಯದ ಜಾಗ. ಯಾವುದು ಎಷ್ಟು ಭಾರವಾಗಿತ್ತೋ.

ನೀನಿರುವ ಇಂಗ್ಲೆಂಡಿನಲ್ಲೂ ನಮ್ಮ ಕಡೆಯಿಂದ ಹೋದ ಮನೆತನಗಳ ಹರೆಯದ ಹೆಣ್ಣುಮಕ್ಕಳಲ್ಲಿ ಹೀಗೆ ತಮಗೆ ತಾವೇ ಅಪಾಯ ಮಾಡಿಕೊಳ್ಳುವುದು ಜಾಸ್ತಿ ಅಂತ ಅಲ್ಲಿನ ವೈದ್ಯರು ದಶಕಗಳಿಂದ ಬರೆಯುತ್ತಿದ್ದಾರೆ. ಮನೆ ಮರ್ಯಾದೆ ಹೋಗುತ್ತೆ ಅಂತ ಯಾರೂ ಬಾಯಿ ಬಿಡುವುದಿಲ್ಲ. 1998ರಲ್ಲಿ ಅಲ್ಲಿ ಪ್ಯಾರಾಸಿಟಮಾಲ್ ಪ್ಯಾಕೆಟ್‌ಗಳನ್ನು ಕಾನೂನು ಮಾಡಿ ಚಿಕ್ಕದು ಮಾಡಿದರು. ಸಾವು ಕಡಿಮೆಯಾಯಿತು. ಎಷ್ಟೋ ಜನರಿಗೆ ಆ ಗಳಿಗೆ ದಾಟಿದರೆ ಸಾಕು, ಬದುಕುತ್ತಾರೆ.

ಇದು ನನಗೆ ಬರೀ ಓದಿ ಗೊತ್ತಾದದ್ದಲ್ಲ. 2018ರ ಆಗಸ್ಟ್‌ನಲ್ಲಿ ಗುಡ್ಡ ಕುಸಿದು ಮಕ್ಕಂದೂರಿನ ನಮ್ಮ ತೋಟ ಮಣ್ಣಿನಡಿ ಹೋದ ಮೇಲೆ ಅಂಗಡಿಯ ಬೀಗದಕೈ ಅಕ್ಕನ ಹತ್ತಿರ ಇರುತ್ತಿತ್ತಲ್ಲ, ನೀನು ಯಾಕೆ ಅಂತ ಕೇಳಿದ್ದೆ. ಆ ಮಾತ್ರೆಗಳ ಮಧ್ಯೆ ಒಬ್ಬನೇ ಇರೋಕೆ ನನಗೆ ಭಯವಾಗುತ್ತಿತ್ತು ಕಣೋ. ಅಕ್ಕನಿಗೆ ನಾನೇ ಹೇಳಿ ಕೊಟ್ಟಿದ್ದೆ. ಡಾಕ್ಟರಿಗೂ ತೋರಿಸಿದೆ. ಇಷ್ಟೆಲ್ಲ ಬರೆಯುತ್ತೇನೆ ಅಂದುಕೊಂಡಿರಲಿಲ್ಲ.

ಈಚೆಗೆ ನಿನ್ನ ಮೆಸೇಜ್ ಎಲ್ಲ ‘ಸರಿ ಇದ್ದೀನಿ’ ಅಂತಲೇ ಮುಗಿಯುತ್ತವೆ. ಅದಕ್ಕೇ ನೇರವಾಗಿ ಕೇಳುತ್ತೇನೆ. ಸಾಯಬೇಕು ಅನ್ನಿಸುತ್ತಿದೆಯಾ? ಕೇಳಿದರೆ ಇಲ್ಲದ ಯೋಚನೆ ಬರುತ್ತದೆ ಅನ್ನುವುದು ಸುಳ್ಳು. ಅನ್ನಿಸಿದರೆ ಎಷ್ಟು ಹೊತ್ತಾದರೂ ನನಗೆ ಫೋನ್ ಮಾಡು. ಅಲ್ಲಿ ಫೋನಿನಲ್ಲಿ ಕಷ್ಟ ಕೇಳುವ ಸಮಾರಿಟನ್ಸ್ ಇದ್ದಾರೆ, 116 123. ಇಲ್ಲಿ ಓದುತ್ತಿರುವವರಿಗೆ ಸರ್ಕಾರದ ಸಹಾಯವಾಣಿ ಟೆಲಿ ಮಾನಸ್, 14416. ರಾತ್ರಿ ಹಗಲು ಸಿಗುತ್ತಾರೆ, ಕನ್ನಡದಲ್ಲೂ ಅಸ್ಸಾಮಿಯಲ್ಲೂ ಮಾತಾಡುತ್ತಾರೆ. ನಂಬರನ್ನು ಅಂಗಡಿ ಮುಂದೆ ದೊಡ್ಡದಾಗಿ ಬರೆದು ಹಾಕಿದ್ದೇನೆ.

ಸರಿ, ನಮ್ಮ ಕೈಲ್ ಪೊಳ್ದ್ ಹಬ್ಬಕ್ಕೆ ಬಾ. ಅಮ್ಮ ಅಡುಗೆಗೆ ಹಾಕುವ ಹುಳಿ, ಕಾಚಂಪುಳಿ, ಎತ್ತಿಟ್ಟಿದ್ದಾರೆ. ನಿನ್ನನ್ನು ಯಾರೂ ಗೋಲ್‌ಕೀಪರ್ ಅಂತ ಅಡ್ಡಹೆಸರಿಟ್ಟು ಕರೆಯದ ಹಾಗೆ ನಾನು ನೋಡಿಕೊಳ್ಳುತ್ತೇನೆ. ಅದಕ್ಕೂ ಮೊದಲು ಇವತ್ತೇ ಒಂದು ಫೋನ್ ಮಾಡು.

ನಿನ್ನ,
ಮಾದ