ಸರ್ವರ್ ರೀಬೂಟ್ ಸಮಯದಲ್ಲಿ ಬದಲಾವಣೆ: ಗ್ರಾಹಕರ ಗಮನಕ್ಕೆ

ಮಾನ್ಯ ಗ್ರಾಹಕರೇ,

ನಿಮ್ಮ ಅಂಗಡಿ ಮತ್ತು ಕಚೇರಿಗಳಲ್ಲಿ ನಾವು ನೋಡಿಕೊಳ್ಳುತ್ತಿರುವ ಉಬುಂಟು (ಲಿನಕ್ಸ್‌ನ ಒಂದು ರೂಪ) ಸರ್ವರ್‌ಗಳನ್ನು ಬರುವ ತಿಂಗಳಿನಿಂದ ಮೊದಲ ಮತ್ತು ನಾಲ್ಕನೆಯ ಶನಿವಾರ ರಾತ್ರಿ 11ರ ನಂತರ ರೀಬೂಟ್ ಮಾಡಲಾಗುವುದು. ಭದ್ರತಾ ಅಪ್‌ಡೇಟ್‌ಗಳು ಈಗಿನಂತೆಯೇ ಪ್ರತಿದಿನ ತಾವಾಗಿ ಇನ್‌ಸ್ಟಾಲ್ ಆಗುತ್ತವೆ. ಇದುವರೆಗೆ ರೀಬೂಟ್ ಮಾತ್ರ ನೀವು ಒಪ್ಪಿದಾಗ ನಡೆಯುತ್ತಿತ್ತು; ಅಂದರೆ, ಹೆಚ್ಚಿನ ಕಡೆ ನಡೆಯುತ್ತಲೇ ಇರಲಿಲ್ಲ.

ಅಪ್‌ಡೇಟ್ ಆದ ಮೇಲೂ ರೀಬೂಟ್ ಏಕೆ ಎಂದು ಹಲವರು ಕೇಳಿದ್ದೀರಿ. ಲಿನಕ್ಸ್‌ನಲ್ಲಿ ಡಿಸ್ಕ್‌ನ ಮೇಲಿನ ಫೈಲ್ ಬದಲಾದರೂ ಆಗಲೇ ಓಡುತ್ತಿರುವ ಪ್ರೋಗ್ರಾಂ ತಾನು ತೆರೆದಿಟ್ಟುಕೊಂಡ ಹಳೆಯ ಫೈಲನ್ನೇ ಬಳಸುತ್ತಿರುತ್ತದೆ. ಡೇಟಾಬೇಸ್‌ನಂತಹ ಸೇವೆಗಳಾದರೆ ಅದಷ್ಟನ್ನೇ ರೀಸ್ಟಾರ್ಟ್ ಮಾಡಿದರೆ ಸಾಕು, ಇಡೀ ವ್ಯವಸ್ಥೆಯ ತಿರುಳಾದ ಕರ್ನೆಲ್ ಹಾಗಲ್ಲ. ಹೊಸ ಕರ್ನೆಲ್ ಡಿಸ್ಕ್‌ನಲ್ಲಿ ಬಂದು ಕುಳಿತಿದ್ದರೂ ಯಂತ್ರವನ್ನು ರೀಬೂಟ್ ಮಾಡುವವರೆಗೆ ಹಳೆಯದೇ ನಡೆಯುತ್ತಿರುತ್ತದೆ. 2016ರಲ್ಲಿ ಬೆಳಕಿಗೆ ಬಂದ ‘ಡರ್ಟಿ ಕೌ’ ಎಂಬ ಭದ್ರತಾ ದೋಷ 2007ರಿಂದಲೂ ಕರ್ನೆಲ್‌ನಲ್ಲಿ ಅಡಗಿತ್ತು. ಅದರ ಪರಿಹಾರವನ್ನು ಇನ್‌ಸ್ಟಾಲ್ ಮಾಡಿ ರೀಬೂಟ್ ಮಾಡದೆ ಬಿಟ್ಟ ಯಂತ್ರಗಳಿಗೆ ಆ ಪರಿಹಾರದಿಂದ ಪ್ರಯೋಜನವೇನೂ ಆಗಲಿಲ್ಲ. ಓಡುತ್ತಿರುವ ಕರ್ನೆಲ್‌ಗೇ ತೇಪೆ ಹಾಕುವ ಲೈವ್‌ಪ್ಯಾಚ್ ಸೌಲಭ್ಯವಿದೆ, ನಿಜ. ಆದರೆ ಅದು ರೀಬೂಟನ್ನು ಮುಂದೂಡಬಲ್ಲುದೇ ಹೊರತು ಶಾಶ್ವತವಾಗಿ ತಪ್ಪಿಸಲಾರದು.

ಈ ನಿರ್ಧಾರಕ್ಕೆ ಇನ್ನೊಂದು ಕಾರಣ ನಮ್ಮದೇ ಕಚೇರಿಯ ಅನುಭವ. ನಮ್ಮ ಒಂದು ಸರ್ವರ್ ಹದಿನಾಲ್ಕು ತಿಂಗಳು ರೀಬೂಟ್ ಕಾಣದೆ ಓಡಿತ್ತು, ಮತ್ತು ಹೇಳಲು ಸಂಕೋಚವಾದರೂ, ಆ ಬಗ್ಗೆ ನಮಗೆ ಸ್ವಲ್ಪ ಹೆಮ್ಮೆಯೂ ಇತ್ತು. ಒಂದು ಮಧ್ಯಾಹ್ನ ಕರೆಂಟ್ ಹೋಗಿ ಯುಪಿಎಸ್ ಬ್ಯಾಟರಿಯೂ ಕೈಕೊಟ್ಟಿತು. ಕರೆಂಟ್ ಬಂದ ಮೇಲೆ ಯಂತ್ರ ಒಂದೂವರೆ ನಿಮಿಷ ಯಾವುದಕ್ಕೋ ಕಾದು, ಎಮರ್ಜೆನ್ಸಿ ಮೋಡ್‌ಗೆ (ದುರಸ್ತಿಗಷ್ಟೇ ತೆರೆಯುವ ಸ್ಥಿತಿಗೆ) ಹೋಗಿ ನಿಂತಿತು. ತಿಂಗಳುಗಳ ಹಿಂದೆ ತೆಗೆದುಹಾಕಿದ್ದ ಬ್ಯಾಕಪ್ ಡಿಸ್ಕ್‌ನ ಹೆಸರು ಬೂಟ್ ಆಗುವಾಗ ಜೋಡಿಸಬೇಕಾದ ಡಿಸ್ಕ್‌ಗಳ ಪಟ್ಟಿಯಿರುವ ‘ಎಫ್‌ಎಸ್‌ಟ್ಯಾಬ್’ ಫೈಲ್‌ನಲ್ಲಿ ಹಾಗೆಯೇ ಉಳಿದಿತ್ತು. ಯಂತ್ರ ಕಾದದ್ದು ಆ ಡಿಸ್ಕ್‌ಗಾಗಿ. ಇಷ್ಟು ದಿನಗಳಲ್ಲಿ ಮಾಡಿದ ಬದಲಾವಣೆಗಳಲ್ಲಿ ತಪ್ಪಿದ್ದು ಯಾವುದೆಂದು ಹುಡುಕುವುದರಲ್ಲೇ ಸಂಜೆಯಾಯಿತು. ಎರಡು ಮೂರು ವಾರಕ್ಕೊಮ್ಮೆ ರೀಬೂಟ್ ಆಗುತ್ತಿದ್ದರೆ, ಆ ತಪ್ಪು ನಾವು ಎದುರಿಗಿದ್ದ ಹೊತ್ತಿನಲ್ಲೇ ಸಿಕ್ಕಿಬೀಳುತ್ತಿತ್ತು.

ಶನಿವಾರಗಳ ಆಯ್ಕೆಯಲ್ಲಿ ಜಿಎಸ್‌ಟಿ ದಿನಾಂಕಗಳನ್ನು ಗಮನಿಸಿದ್ದೇವೆ. ಪ್ರತಿ ತಿಂಗಳೂ ರಿಟರ್ನ್ ಸಲ್ಲಿಸುವವರಿಗೆ 11 ಮತ್ತು 20ನೇ ತಾರೀಖು ಎಷ್ಟು ಬಿಗುವಿನವೆಂದು ನಮಗೆ ಗೊತ್ತು. ಮೊದಲ ಶನಿವಾರ 7ನೇ ತಾರೀಖನ್ನು ದಾಟುವುದಿಲ್ಲ, ನಾಲ್ಕನೆಯದು 22ಕ್ಕಿಂತ ಮೊದಲು ಬರುವುದಿಲ್ಲ.

ಆ ಎರಡು ಶನಿವಾರ ಅಂಗಡಿ ಮುಚ್ಚುವಾಗ ಬಿಲ್ಲಿಂಗ್‌ನಿಂದ ಲಾಗ್‌ಔಟ್ ಆಗಿ, ಸರ್ವರ್ ಮತ್ತು ಯುಪಿಎಸ್‌ಗಳನ್ನು ಆಫ್ ಮಾಡದೆ ಬಿಡಬೇಕೆಂದು ಕೋರುತ್ತೇವೆ. ಆ ರಾತ್ರಿಯ ಬ್ಯಾಕಪ್ ಮುಗಿದಿರುವುದನ್ನು ಖಚಿತಪಡಿಸಿಕೊಂಡ ಮೇಲೆಯೇ ನಮ್ಮ ಸಿಬ್ಬಂದಿ ರೀಬೂಟ್ ಮಾಡುತ್ತಾರೆ. ಹೊಸ ಕರ್ನೆಲ್‌ನಿಂದ ತೊಂದರೆ ಕಂಡರೆ ಹಿಂದಿನದೂ ಡಿಸ್ಕ್‌ನಲ್ಲಿಯೇ ಇರುವುದರಿಂದ, ಬೂಟ್ ಮೆನುವಿನಲ್ಲಿ ಅದನ್ನು ಆರಿಸಿ ಯಂತ್ರವನ್ನು ಎಬ್ಬಿಸಬಹುದು. ಮರುದಿನ ಅಂಗಡಿ ತೆರೆದೊಡನೆ ಪರೀಕ್ಷೆಗಾಗಿ ಒಂದು ಬಿಲ್ ಪ್ರಿಂಟ್ ಮಾಡಿ ನೋಡಿ. ಪ್ರಿಂಟರ್‌ನ ಸಮಸ್ಯೆ ನಮಗೆ ದೂರದಿಂದ ಕಾಣುವುದಿಲ್ಲ.

ಹೊರಗಿನಿಂದಲೇ ಯಂತ್ರಕ್ಕೆ ನುಗ್ಗಲು ದಾರಿ ಮಾಡಿಕೊಡುವಂತಹ ದೋಷ ಪ್ರಕಟವಾದರೆ ಮಾತ್ರ ಶನಿವಾರಕ್ಕೆ ಕಾಯದೆ, ನಿಮಗೆ ಫೋನ್ ಮಾಡಿ ತಿಳಿಸಿ, ಅಂದು ರಾತ್ರಿಯೇ ಕೆಲಸ ಮುಗಿಸುತ್ತೇವೆ. ಜಾತ್ರೆ, ಹಬ್ಬದ ವ್ಯಾಪಾರದ ಕಾರಣಕ್ಕೆ ಶನಿವಾರ ತಡರಾತ್ರಿಯವರೆಗೆ ತೆರೆದಿರುವವರು ಎರಡು ದಿನ ಮುಂಚಿತವಾಗಿ ತಿಳಿಸಿದರೆ, ರೀಬೂಟನ್ನು ಭಾನುವಾರ ರಾತ್ರಿಗೆ ಇಟ್ಟುಕೊಳ್ಳುತ್ತೇವೆ.

ಇಂತಿ ತಮ್ಮ ವಿಶ್ವಾಸಿಗಳು,
ಸರ್ವರ್ ನಿರ್ವಹಣಾ ವಿಭಾಗ