ಅಮ್ಮಾ, ಫೋನಿನಲ್ಲಿ ನೀನು ಕೇಳಿದ ಆ ದನಿ

ಗಾರ್ಡನ್ ಗ್ರೋವ್, ಕ್ಯಾಲಿಫೋರ್ನಿಯಾ
ಭಾನುವಾರ ರಾತ್ರಿ

ಪ್ರೀತಿಯ ಅಮ್ಮಾ,

ಮೊನ್ನೆ ಮಾತಾಡ್ತಾ ಮಾತಾಡ್ತಾ ತಟ್ಟನೆ ನಿಲ್ಲಿಸಿ, "ಹಿಂದೆ ಯಾರೋ ಹಾಡ್ತಿದಾರಲ್ಲ, ಯಾರೇ ಅದು, ಗಂಟಲು ಕಟ್ಟಿದ ಹಾಗಿದೆ" ಅಂದೆಯಲ್ಲ. ಫೋನಿನಲ್ಲಿ ಹೇಳಿದರೆ ಅರ್ಧಂಬರ್ಧ ಆಗುತ್ತಿತ್ತು, ಅದಕ್ಕೇ ಕೂತು ಬರೆಯುತ್ತಿದ್ದೇನೆ. ಅದು ಕೆಳಗಿನ ಮನೆ ಅಜ್ಜಿಯ ಟೇಪ್ ರೆಕಾರ್ಡರ್. ಹಾಡಿದವರು ಖಾನ್ ಲೀ. ವಿಯೆಟ್ನಾಮಿನವರು, ಹುಟ್ಟಿದ್ದು 1945ರಲ್ಲಿ, ಹನೋಯಿಯಲ್ಲಿ. 1975ರಲ್ಲಿ ಅಮೆರಿಕಕ್ಕೆ ಬಂದು ಈ ದಕ್ಷಿಣ ಕ್ಯಾಲಿಫೋರ್ನಿಯಾದಲ್ಲೇ ನೆಲೆ ನಿಂತರು.

ಅಜ್ಜಿಯನ್ನು ನಾನು "ಬಾ" ಅಂತ ಕರೆಯುತ್ತೇನೆ. ವಿಯೆಟ್ನಾಮಿ ಭಾಷೆಯಲ್ಲಿ ಬಾ ಅಂದರೆ ಅಜ್ಜಿ. ನಮ್ಮ ಬೀದಿ, ಪಕ್ಕದ ವೆಸ್ಟ್‌ಮಿನ್‌ಸ್ಟರ್ ಎಲ್ಲ ಸೇರಿ ಲಿಟ್ಲ್ ಸೈಗಾನ್ ಅನ್ನುತ್ತಾರೆ. ಬೋಲ್ಸಾ ರಸ್ತೆಗೆ ಹೋದರೆ ಅಂಗಡಿ ಬೋರ್ಡುಗಳೆಲ್ಲ ಅವರ ಭಾಷೆಯಲ್ಲೇ. ಖಾನ್ ಲೀ ಕಥೆ ನನಗೆ ಮೊದಲು ಹೇಳಿದ್ದು ಬಾ. ಆಮೇಲೆ ನಾನೂ ಒಂದಷ್ಟು ಓದಿಕೊಂಡೆ.

ಹನ್ನೊಂದು ವರ್ಷದ ಹುಡುಗಿ, ತರಕಾರಿ ಲಾರಿ ಹತ್ತಿ ದಾಲಾತ್ ಬೆಟ್ಟದಿಂದ ಆಗಿನ ದಕ್ಷಿಣ ವಿಯೆಟ್ನಾಮಿನ ರಾಜಧಾನಿ ಸೈಗಾನಿಗೆ ಇಳಿದು ಬಂದಳಂತೆ, ಮಕ್ಕಳ ಹಾಡಿನ ಸ್ಪರ್ಧೆಗೆ. ಎರಡನೇ ಬಹುಮಾನ ಬಂತು. ದೊಡ್ಡವಳಾದ ಮೇಲೆ ದಾಲಾತಿನ ನೈಟ್ ಕ್ಲಬ್ಬಿನಲ್ಲಿ ಹಾಡುತ್ತಿದ್ದಾಗ, 1964ರಲ್ಲಿ, ತ್ರಿನ್ ಕೊಂಗ್ ಸನ್ ಅನ್ನುವ ಹಾಡು ಕಟ್ಟುವವರು ಆ ದನಿ ಕೇಳಿದರು. ಸೈಗಾನಿಗೆ ಬಾ, ನನ್ನ ಹಾಡು ಹಾಡು ಅಂದರು. ಖಾನ್ ಲೀ ಹೋಗಲಿಲ್ಲ, ದಾಲಾತ್ ಬಿಟ್ಟು ಬರಲು ಮನಸ್ಸಾಗಲಿಲ್ಲವಂತೆ. ಮೂರು ವರ್ಷ ಆದ ಮೇಲೆ ಸೈಗಾನಿನಲ್ಲಿ ಇಬ್ಬರೂ ಮತ್ತೆ ಸಿಕ್ಕರು. ಅಲ್ಲಿಂದ ಶುರು.

ಈ ಭಾಗ ನನಗೆ ತುಂಬಾ ಇಷ್ಟ, ಅಮ್ಮಾ. ಕಾಲೇಜಿನ ಹಿಂದಿನ ಖಾಲಿ ಜಾಗ, ಹುಡುಗರೇ ಹಾಕಿಕೊಂಡ ಒಂದು ಸಣ್ಣ ಕಾಫಿ ಅಂಗಡಿ, ಹೆಸರು ಕ್ವಾನ್ ವಾನ್. ತ್ರಿನ್ ಗಿಟಾರ್ ಹಿಡಿಯುತ್ತಿದ್ದರು, ಖಾನ್ ಲೀ ಹಾಡುತ್ತಿದ್ದರು, ವಿದ್ಯಾರ್ಥಿಗಳು ನೆಲದ ಮೇಲೆ ಕೂತು ಕೇಳುತ್ತಿದ್ದರು. ದುಡ್ಡಿಲ್ಲ. ಹೊರಗೆ ಉತ್ತರ ವಿಯೆಟ್ನಾಮಿಗೂ ದಕ್ಷಿಣಕ್ಕೂ ಯುದ್ಧ. ಆ ಕೂತವರಲ್ಲಿ ಎಷ್ಟೋ ಹುಡುಗರು ಸೈನ್ಯಕ್ಕೆ ಹೋಗಬೇಕಾದವರು, ಆ ಹಾಡುಗಳಾದರೋ ಎರಡೂ ಕಡೆ ಸತ್ತವರಿಗಾಗಿ ಅಳುವ ಹಾಡುಗಳು, ಹಾಗಾಗಿ ಸೈಗಾನ್ ಸರ್ಕಾರಕ್ಕೆ ಅದು ಸೇರಲಿಲ್ಲ, ಆ ಹಾಡುಗಳ ಮೇಲೆ ನಿಷೇಧ ಹಾಕಿತು. ಖಾನ್ ಲೀ ಬರಿಗಾಲಲ್ಲಿ ನಿಂತು ಹಾಡುತ್ತಿದ್ದರು. ಜನ ಅವರಿಗೆ ಬರಿಗಾಲ ರಾಣಿ ಅಂತಲೇ ಹೆಸರಿಟ್ಟರು.

ಅವರಿಬ್ಬರ ನಡುವೆ ಏನಿತ್ತು ಅಂತ ಜನ ಇವತ್ತಿಗೂ ಮಾತಾಡುತ್ತಾರೆ. ಮದುವೆ ಅಂತೂ ಆಗಲಿಲ್ಲ. ನನಗೆ ಕೇಳಿದರೆ ಆ ಹಾಡುಗಳೇ ಸಾಕು, ಬೇರೆ ಹೆಸರು ಯಾಕೆ ಬೇಕು, ಅಲ್ವಾ?

1975ರ ಏಪ್ರಿಲ್ 30ಕ್ಕೆ ಸೈಗಾನ್ ಉತ್ತರದವರ ಕೈಗೆ ಬಿತ್ತು. ಅದೇ ದಿನ ತ್ರಿನ್ ರೇಡಿಯೋ ಸ್ಟೇಷನ್ನಿಗೆ ಹೋಗಿ, ಎಲ್ಲರೂ ಕೈ ಕೈ ಹಿಡಿಯೋಣ ಅನ್ನುವ ತಮ್ಮ ಹಾಡು ಹಾಡಿದರು. ಅವರು ಊರಲ್ಲೇ ಉಳಿದರು. ಖಾನ್ ಲೀ ಊರು ಬಿಟ್ಟರು. ಬರೆದವರು ಅಲ್ಲಿ, ದನಿ ಇಲ್ಲಿ. ಇದನ್ನು ನೆನೆಸಿಕೊಂಡರೆ ಈಗಲೂ ಹೊಟ್ಟೆಯಲ್ಲಿ ಏನೋ ಆಗುತ್ತದೆ ನನಗೆ.

ಇಲ್ಲಿ ಬಂದ ಮೇಲೂ ಅವರು ಹಾಡು ಬಿಡಲಿಲ್ಲ. ತಾವೇ ಕ್ಯಾಸೆಟ್ ಮಾಡಿದರು, ಊರೂರು ತಿರುಗಿ ನಮ್ಮ ಬಾ ತರಹ ಎಲ್ಲ ಬಿಟ್ಟು ಬಂದವರ ಮುಂದೆ ಹಾಡಿದರು, ಪ್ಯಾರಿಸ್ ಬೈ ನೈಟ್ ಅಂತ ಇವರ ದೊಡ್ಡ ವೀಡಿಯೊ ಕಾರ್ಯಕ್ರಮ ಇದೆ, ಅದರಲ್ಲೂ ಹಾಡಿದರು. ಬಾ ಮೊದಲ ಸಂಬಳದಲ್ಲಿ ಅಕ್ಕಿ ತಂದರಂತೆ, ಎರಡನೆಯದರಲ್ಲಿ ಈ ಟೇಪ್ ರೆಕಾರ್ಡರ್.

ತ್ರಿನ್ 2001ರ ಏಪ್ರಿಲ್ 1ರಂದು ತೀರಿಕೊಂಡರು. ಖಾನ್ ಲೀ ವಿಯೆಟ್ನಾಮಿಗೆ ಹೋಗಿ ಜನರ ಮುಂದೆ ನಿಂತು ಹಾಡಿದ್ದು 2014ರ ಮೇನಲ್ಲಿ, ಹುಟ್ಟಿದ ಊರು ಹನೋಯಿಯಲ್ಲಿ. ಊರು ಬಿಟ್ಟು ಮೂವತ್ತೊಂಬತ್ತು ವರ್ಷ ಆಗಿತ್ತು. ಇಲ್ಲಿಯ ಕೆಲವರಿಗೆ ಅದು ಹಿಡಿಸಲಿಲ್ಲ. ಜೈಲು, ದೋಣಿ, ಸಮುದ್ರ ಎಲ್ಲ ಕಂಡು ಬಂದವರು, ಅವರ ಸಿಟ್ಟು ನನಗೆ ಅರ್ಥವಾಗುತ್ತದೆ. ಆದರೂ ಖಾನ್ ಲೀ ಹೋಗಿದ್ದೇ ಸರಿ ಅಂತ ನನಗನ್ನಿಸುತ್ತದೆ. ಬಾಗೆ ಕೇಳಿದೆ. ಸ್ವಲ್ಪ ಹೊತ್ತು ಸುಮ್ನೆ ಇದ್ದು, "ವಯಸ್ಸಾಯ್ತಲ್ಲ ಅವಳಿಗೂ" ಅಂದರು, ಅಷ್ಟೇ. ಬಾ ಮಾತ್ರ ಒಂದು ಸಲವೂ ಹೋಗಿಲ್ಲ.

ನೀನು ಕೇಳಿದ್ದು ಮಳೆಯ ಹಾಡು. ಹಳೇ ಗೋಪುರದ ಮೇಲೆ ಮಳೆ, ಯಾರಿಗೋ ಕಾಯುತ್ತಾ ನಿಂತ ಒಬ್ಬ. ಅದನ್ನು ಅವರು ಜಪಾನಿ ಭಾಷೆಯಲ್ಲೂ ಹಾಡಿದ್ದಾರೆ. ವಾಟ್ಸಾಪಿನಲ್ಲಿ ಕಳಿಸಿದ್ದೇನೆ, ಅಡುಗೆಮನೆ ಕೆಲಸ ಮುಗಿಸಿ ಕೇಳು, ಅವಸರದಲ್ಲಿ ಬೇಡ.

ಆಮೇಲೆ ಅಮ್ಮಾ, ಅಟ್ಟದ ಮೇಲೆ ನಿನ್ನ ಭಾವಗೀತೆ ಕ್ಯಾಸೆಟ್ಟುಗಳ ಬಿಸ್ಕತ್ತು ಡಬ್ಬ ಇದೆಯಲ್ಲ, ಗುಜರಿಗೆ ಹಾಕೋಣ ಅಂತ ಅಪ್ಪ ಹೇಳುತ್ತಿದ್ದರು. ಕೊಡಬೇಡ. ಡಿಸೆಂಬರಿನಲ್ಲಿ ಬಂದಾಗ ಎರಡು ನಾನು ತರುತ್ತೇನೆ, ಬಾಗೆ ಕೇಳಿಸಬೇಕು. ನೀನು ಕೆಸುವಿನ ಎಲೆ ಕೊಯ್ಯುತ್ತಾ ಹಾಡಿಕೊಳ್ಳುತ್ತಿದ್ದೆಯಲ್ಲ, ಅದು ಇರುವ ಕ್ಯಾಸೆಟ್ ತೆಗೆದಿಡು.

ನಿನ್ನ ಮಗಳು