ಆ ‘ಸೂಕ್ತ ರೀತಿ’ ಎಲ್ಲಿದೆ ಸ್ವಾಮಿ?

ಮಾನ್ಯ ಸಂಪಾದಕರೇ,

ಹಳೆಯ ಗಾಡಿಗಳನ್ನು ಮನೆಯಲ್ಲೇ ನೋಡಿಕೊಳ್ಳುವುದು ಹೇಗೆ ಅಂತ ಕಳೆದ ಭಾನುವಾರದ ನಿಮ್ಮ ಪುರವಣಿಯಲ್ಲಿ ಒಂದು ಲೇಖನ ಬಂದಿತ್ತು. ಚೆನ್ನಾಗಿತ್ತು, ಎರಡು ಸಲ ಓದಿದೆ. ಎಂಜಿನ್ ಆಯಿಲ್ ಬದಲಾಯಿಸುವ ಭಾಗದ ಕೊನೆಗೆ ಒಂದು ಸಾಲು ಇತ್ತು. ‘ಹಳೆಯ ಆಯಿಲನ್ನು ಸೂಕ್ತ ರೀತಿಯಲ್ಲಿ ವಿಲೇವಾರಿ ಮಾಡಿ.’ ಅಷ್ಟೇ. ಆಮೇಲೆ ಲೇಖನ ಟಯರಿನ ಗಾಳಿಯ ಕಡೆ ಹೊರಟುಹೋಯಿತು.

ಆ ‘ಸೂಕ್ತ ರೀತಿ’ಯನ್ನು ನಾನು ಮೂರು ವರ್ಷದಿಂದ ಹುಡುಕುತ್ತಿದ್ದೇನೆ. ನಮ್ಮ ಕೊಟ್ಟಿಗೆಯ ಮೂಲೆಯಲ್ಲಿ ಐದೈದು ಲೀಟರಿನ ಏಳು ಕ್ಯಾನ್ ಕೂತಿವೆ. ಕರು ಕಟ್ಟಲು ಜಾಗವಿಲ್ಲ, ನಿಮ್ಮ ಕ್ಯಾನಿಗೆ ಜಾಗ ಇದೆ ಅಂತ ಹೆಂಡತಿ ದಿನಾ ಹೇಳುತ್ತಾಳೆ.

ನನ್ನದು ಪಾಂಡವಪುರ ತಾಲ್ಲೂಕು. ಊರಿನ ಮಗ್ಗುಲಲ್ಲೇ ವಿ.ಸಿ. ನಾಲೆ, ಅಂದರೆ ಕೆಆರ್‌ಎಸ್ ನೀರು ತರುವ ವಿಶ್ವೇಶ್ವರಯ್ಯ ನಾಲೆ. ಗಾಡಿ 2007ರ ಟಾಟಾ 207 ಪಿಕಪ್. ನನ್ನ ಕೈಗೆ ಬರುವ ಹೊತ್ತಿಗೆ ಅದು ಇಬ್ಬರ ಕೈ ದಾಟಿತ್ತು. ಬೆಲ್ಲ ಮಂಡ್ಯಕ್ಕೆ, ಎಳನೀರು ಮದ್ದೂರಿಗೆ, ತರಕಾರಿ ಮೈಸೂರಿನ ಬಂಡಿಪಾಳ್ಯಕ್ಕೆ, ಹೀಗೆ ಬಾಡಿಗೆ ಬಂದ ಕಡೆ ಹೋಗುತ್ತೇನೆ. ‘ಇನ್ನೂ ಈ ಗಾಡಿನಾ?’ ಅಂತ ಕೇಳುವವರು ಇದ್ದಾರೆ. ಬಾಡಿಗೆ ಗಾಡಿಗೆ ಎಂಟು ವರ್ಷ ದಾಟಿದ ಮೇಲೆ ವರ್ಷ ವರ್ಷ ಎಫ್‌ಸಿ (ಗಾಡಿ ಓಡಿಸಲು ಯೋಗ್ಯ ಅನ್ನುವ ಸರ್ಟಿಫಿಕೇಟ್) ಮಾಡಿಸಬೇಕು. ನಾನು ಒಂದು ವರ್ಷವೂ ತಪ್ಪಿಸಿಲ್ಲ.

ಮನೆ ಮುಂದೆ ಗಾಡಿ ಬಿಚ್ಚುವ ಅಭ್ಯಾಸ ಸುಮ್ನೆ ಬಂದದ್ದಲ್ಲ. ಹದಿನೆಂಟನೇ ವಯಸ್ಸಿಗೆ ಕಬ್ಬಿನ ಲಾರಿಯಲ್ಲಿ ಕ್ಲೀನರ್ ಆಗಿದ್ದೆ. ಡ್ರೈವರಣ್ಣ ಬೈಗುಳದಲ್ಲೇ ಎಲ್ಲವನ್ನೂ ಕಲಿಸಿದರು. ಹನ್ನೆರಡರ ಸ್ಪ್ಯಾನರ್ ಕೇಳಿದಾಗ ಹದಿಮೂರರದು ಕೊಟ್ಟರೆ ಅದು ನನ್ನ ಕಾಲ ಹತ್ತಿರ ಬಂದು ಬೀಳುತ್ತಿತ್ತು. ಈಗಲೂ ಕತ್ತಲಲ್ಲಿ ಬೋಲ್ಟಿನ ತಲೆ ಮುಟ್ಟಿದರೆ ಸಾಕು, ಎಷ್ಟರದು ಅಂತ ಹೇಳುತ್ತೇನೆ. ನಮ್ಮ ಗಾಡಿಯಲ್ಲಿ ಕಂಪ್ಯೂಟರ್ ಇಲ್ಲ. ಏನಾದರೂ ಕೆಟ್ಟರೆ ಶಬ್ದ ಬರುತ್ತದೆ, ಇಲ್ಲ ವಾಸನೆ ಬರುತ್ತದೆ, ಇಲ್ಲ ಸೋರುತ್ತದೆ. ಮೂರೂ ಇಲ್ಲದಿದ್ದರೆ ಆರಾಮಾಗಿ ಇದೆ ಅಂತ ಅರ್ಥ.

ಆಯಿಲ್ ಬದಲಾಯಿಸುವುದನ್ನು ಲೇಖನದಲ್ಲಿ ನಾಲ್ಕೇ ಸಾಲಿನಲ್ಲಿ ಮುಗಿಸಿದ್ದರು. ನಾನು ಸ್ವಲ್ಪ ಜಾಸ್ತಿ ಹೇಳಬೇಕು. ಗಾಡಿಯನ್ನು ಐದಾರು ಕಿಲೋಮೀಟರ್ ಓಡಿಸಿ ಬಂದು, ಹತ್ತು ನಿಮಿಷ ಬಿಟ್ಟು ಬಿಚ್ಚಬೇಕು. ತಣ್ಣಗಿದ್ದರೆ ಆಯಿಲ್ ಬೆಲ್ಲದ ಪಾಕದ ಹಾಗೆ ಒಳಗೇ ಅಂಟಿಕೊಳ್ಳುತ್ತದೆ. ಕಸವೂ ಅದರ ಜೊತೆಗೇ ಉಳಿಯುತ್ತದೆ. ತೀರಾ ಬಿಸಿ ಇದ್ದರೆ ಕೈ ಸುಡುತ್ತದೆ. ಕೆಳಗೆ ಇಡಲು ನಾನು ಅಡುಗೆ ಎಣ್ಣೆಯ ಹದಿನೈದು ಕೆ.ಜಿ. ಟಿನ್ನನ್ನು ಮಲಗಿಸಿ ಒಂದು ಮಗ್ಗುಲು ಕತ್ತರಿಸಿಕೊಂಡಿದ್ದೇನೆ. ಅಂಚನ್ನು ಸುತ್ತಿಗೆಯಲ್ಲಿ ಬಡಿದು ಮಡಚಿಕೊಳ್ಳಿ, ಇಲ್ಲದಿದ್ದರೆ ಬೆರಳು ಹೋಗುತ್ತದೆ. ಡ್ರೈನ್ ಬೋಲ್ಟಿನ ತಾಮ್ರದ ವಾಷರನ್ನು ಪ್ರತಿ ಸಲ ಹೊಸದು ಹಾಕಿ. ಅದರ ದುಡ್ಡು ಒಂದು ಟೀ ಕಾಫಿಯ ಲೆಕ್ಕ. ಹೊಸ ಫಿಲ್ಟರಿನ ರಬ್ಬರ್ ರಿಂಗಿಗೆ ಬೆರಳಲ್ಲಿ ಹೊಸ ಆಯಿಲ್ ಸವರಿ. ರಿಂಗು ತಾಗಿದ ಮೇಲೆ ಕೈಯಲ್ಲೇ ಮುಕ್ಕಾಲು ಸುತ್ತು ಬಿಗಿ ಮಾಡಿದರೆ ಸಾಕು. ಪಕ್ಕದೂರಿನ ಒಬ್ಬ ಹುಡುಗ ಸ್ಪ್ಯಾನರ್ ಹಾಕಿ ಬಿಗಿದಿದ್ದ. ಮುಂದಿನ ಸಲ ಬಿಚ್ಚಲು ಆಗದೆ ಉಳಿಯಲ್ಲಿ ಹೊಡೆದ. ಫಿಲ್ಟರ್ ಹರಿಯಿತು, ತಳ ಅಲ್ಲೇ ಕೂತಿತು.

ಹೊಸ ಆಯಿಲ್ ಹಾಕಿ ಎರಡು ದಿನಕ್ಕೇ ಕಪ್ಪಾಯಿತು ಅಂತ ಕೆಲವರು ಅಂಗಡಿಯವರ ಮೇಲೆ ಜಗಳಕ್ಕೆ ಹೋಗುತ್ತಾರೆ. ಡೀಸೆಲ್ ಗಾಡಿಯಲ್ಲಿ ಅದು ಕಪ್ಪಾಗಲೇಬೇಕು. ಉರಿದ ಡೀಸೆಲ್ಲಿನ ಮಸಿ ಎಂಜಿನ್ನಿಗೆ ಅಂಟದ ಹಾಗೆ ತನ್ನೊಳಗೆ ಹಿಡಿದಿಟ್ಟುಕೊಳ್ಳುವುದೇ ಆಯಿಲಿನ ಕೆಲಸ. ಮಸಿ ಒಂದೇ ಅಲ್ಲ. ಬೇರಿಂಗ್, ರಿಂಗು ಸವೆದ ಲೋಹದ ಪುಡಿಯೂ ಅದರಲ್ಲೇ ಸೇರುತ್ತದೆ. ಅಂದರೆ ಎಂಜಿನ್ ಒಳಗಿನ ಕೊಳೆಯೆಲ್ಲ ಕೊನೆಗೆ ಆ ಟಿನ್ನಿಗೆ ಬಂದು ಬೀಳುತ್ತದೆ. ಸಲಕ್ಕೆ ಹತ್ತಿರ ಹತ್ತಿರ ಆರು ಲೀಟರ್, ವರ್ಷಕ್ಕೆ ಎರಡು ಸಲ.

ಈಗ ಹೇಳಲು ನಾಚಿಕೆಯಾಗುವ ವಿಷಯ. ಮೊದಲೆಲ್ಲ ಆ ಟಿನ್ ಎತ್ತಿಕೊಂಡು ಹೋಗಿ ನಾಲೆ ಏರಿಯ ಮೇಲೆ ಸುರಿಯುತ್ತಿದ್ದೆ. ಒಂದಷ್ಟನ್ನು ಗೆದ್ದಲು ಹಿಡಿಯದಿರಲಿ ಅಂತ ಬೇಲಿಯ ಕಂಬಗಳಿಗೆ ಬಳಿಯುತ್ತಿದ್ದೆ. ಮಿಕ್ಕಿದ್ದೆಲ್ಲ ಏರಿಗೆ. ಎಲ್ಲರೂ ಹಾಗೇ ಮಾಡುತ್ತಿದ್ದರು. ಒಂದು ಮಳೆಗಾಲ, ಸುರಿದ ಮಾರನೇ ದಿನವೇ ಜೋರು ಮಳೆ ಬಂತು. ಆಮೇಲೆ ಅವ್ವ ಬಟ್ಟೆ ಒಗೆಯಲು ನಾಲೆಗೆ ಹೋದಳು. ಅಪ್ಪನ ಬಿಳಿ ಪಂಚೆಯ ಉದ್ದಕ್ಕೂ ಕಪ್ಪು ಗೆರೆ ಎಳೆದುಕೊಂಡು ಬಂದಳು. ಹಟ್ಟಿ ಮುಂದೆ ನಿಂತು ಬೀದಿಗೆಲ್ಲ ಕೇಳುವ ಹಾಗೆ ಶಾಪ ಹಾಕಿದಳು. ‘ಯಾವ್ ಹಾಳಾದೋನು ನಾಲೆಗೆ ಎಣ್ಣೆ ಸುರ್ದವ್ನೋ, ಅವ್ನ ಕೈ ಸೇದೋಗ! ಅವ್ನ ಮನೆ ಹಾಳಾಗ!’

ಅದು ಅವಳದೇ ಮನೆ. ನಾನು ಒಳಗೆ ಕೂತು ಮುದ್ದೆ ನುಂಗುತ್ತಿದ್ದೆ. ಬಾಯಿ ಬಿಡಲಿಲ್ಲ. ಅವ್ವ ಈಗ ಇಲ್ಲ. ಇವತ್ತಿನವರೆಗೂ ಇದನ್ನು ಯಾರಿಗೂ ಹೇಳಿಲ್ಲ. ನಿಮ್ಮ ಪತ್ರಿಕೆಯಲ್ಲಿ ಹೆಸರು ಹಾಕಬೇಡಿ ಅಂತ ಕೇಳುವುದಕ್ಕೆ ಇದೇ ಕಾರಣ.

ಅವತ್ತಿನಿಂದ ಏರಿಗೆ ಹೋಗುವುದನ್ನು ಬಿಟ್ಟೆ. ಮೊದಮೊದಲು ಊರಿನಲ್ಲಿ ಮನೆ ಕಟ್ಟುವವರು ಸೆಂಟ್ರಿಂಗ್ ಹಲಗೆಗೆ ಬಳಿಯಲು ತೆಗೆದುಕೊಂಡು ಹೋಗುತ್ತಿದ್ದರು. ಅವರು ಕೇಳುವುದು ನಿಂತ ಮೇಲೆ ಕ್ಯಾನಿನಲ್ಲಿ ತುಂಬಿಡಲು ಶುರು ಮಾಡಿದೆ. ತುಂಬಿಡುವುದಕ್ಕೂ ಒಂದು ಕ್ರಮ ಇದೆ. ಹಳೆ ಆಯಿಲಿಗೆ ನೀರು, ಡೀಸೆಲ್, ಬ್ರೇಕ್ ಆಯಿಲ್, ಕೂಲಂಟ್ ಯಾವುದೂ ಸೇರಬಾರದು. ಸೇರಿದರೆ ಅದನ್ನು ಶುದ್ಧ ಮಾಡಿ ಮತ್ತೆ ಬಳಸುವುದು ಕಷ್ಟ. ಹಳೆ ಫಿಲ್ಟರನ್ನು ಒಂದು ರಾತ್ರಿ ಟಿನ್ನಿನ ಮೇಲೆ ಬೋರಲು ಹಾಕಿದರೆ ಅದರಲ್ಲಿದ್ದದ್ದೂ ಇಳಿಯುತ್ತದೆ. ನೆಲಕ್ಕೆ ಚೆಲ್ಲಿದ್ದರ ಮೇಲೆ ಮರದ ಹೊಟ್ಟು ಹಾಕಿ ಗೋರುತ್ತೇನೆ. ಕೂಲಂಟ್ ವಿಷಯದಲ್ಲಿ ಇನ್ನೂ ಹುಷಾರಾಗಿರಬೇಕು. ಅದು ಸಿಹಿ ಇರುತ್ತದೆ, ನಾಯಿ ದನ ನೆಕ್ಕುತ್ತವೆ, ಮತ್ತು ಅದು ವಿಷ. ರೇಡಿಯೇಟರ್ ಬಿಚ್ಚಿದ ದಿನ ನಾಯಿಯನ್ನು ಕಟ್ಟಿಹಾಕಿಯೇ ಕೆಲಸಕ್ಕೆ ಕೂರುತ್ತೇನೆ.

ಮಧ್ಯೆ ಇನ್ನೊಂದು ಮಾತು. ಮನೆಯಲ್ಲೇ ಎಲ್ಲ ರಿಪೇರಿ ಮಾಡಬಹುದು ಅನ್ನುವ ಧಾಟಿ ಆ ಲೇಖನದಲ್ಲಿತ್ತು. ನನಗೆ ಅದು ಒಪ್ಪಿಗೆಯಿಲ್ಲ. ಹಿಂದಿನ ಚಕ್ರಕ್ಕೆ ಎಂಜಿನ್ನಿನ ಶಕ್ತಿ ಒಯ್ಯುವ ಪ್ರೊಪೆಲ್ಲರ್ ಶಾಫ್ಟಿನ ಕ್ರಾಸಿಗೆ (ಕೀಲಿಗೆ) ಗ್ರೀಸ್ ಹೊಡೆಯುವುದು, ಡೀಸೆಲ್ ಫಿಲ್ಟರಿನ ತಳದ ನೀರು ಬಿಡುವುದು, ಡೀಸೆಲ್ ಪೈಪಿನಲ್ಲಿ ಏರ್ ಹಿಡಿದರೆ ಕೈಪಂಪ್ ಒತ್ತಿ ಗುಳ್ಳೆ ನಿಲ್ಲುವವರೆಗೆ ಏರ್ ತೆಗೆಯುವುದು, ಬೆಲ್ಟ್ ಬದಲಾಯಿಸುವುದು, ಇಷ್ಟನ್ನು ಯಾರು ಬೇಕಾದರೂ ಕಲಿಯಬಹುದು. ಬ್ರೇಕ್ ಆಯಿಲ್ ಗಾಳಿಯ ತೇವ ಹೀರುತ್ತದೆ. ಹಾಗಾಗಿ ಎರಡು ವರ್ಷಕ್ಕೊಮ್ಮೆ ಅದನ್ನೂ ಬದಲಾಯಿಸುತ್ತೇನೆ. ಮಗ ಸೀಟಿನಲ್ಲಿ, ನಾನು ಚಕ್ರದ ಹತ್ತಿರ. ‘ಒತ್ತು, ಒತ್ತು, ಹಿಡ್ಕೊ. ಬಿಡಬೇಡ ಕಣೋ!’ ಅಂತ ನಾನು ಕೂಗುವುದು ಮೂರು ಮನೆ ಆಚೆಗೆ ಕೇಳುತ್ತದಂತೆ. ಆದರೆ ಬ್ರೇಕಿನ ಮಾಸ್ಟರ್ ಸಿಲಿಂಡರ್, ಸ್ಟೀರಿಂಗ್ ಇವಕ್ಕೆ ಕೈ ಹಾಕುವುದಿಲ್ಲ. 2018ರ ನವೆಂಬರ್ 24ರಂದು ನಮ್ಮ ತಾಲ್ಲೂಕಿನ ಕನಗನಮರಡಿ ಹತ್ತಿರ ಬಸ್ಸು ಇದೇ ನಾಲೆಗೆ ಬಿದ್ದು 30 ಜನ ಹೋದರು. ಅದೇ ರಾತ್ರಿ ಅಂಬರೀಶಣ್ಣನೂ ಹೋದರು. ಮಂಡ್ಯದವರು ಆ ದಿನವನ್ನು ಮರೆಯುವುದಿಲ್ಲ. ಆ ನಾಲೆಯ ಏರಿ ಮೇಲೆ ದಿನಾ ಗಾಡಿ ಓಡಿಸುವವನು ನಾನು. ಆ ಎರಡು ಕೆಲಸಕ್ಕೆ ಪೇಟೆಯ ಮೆಕ್ಯಾನಿಕ್ಕೇ ಬೇಕು. ಗಾಡಿ ಕೆಳಗೆ ನುಗ್ಗುವಾಗಲೂ ಅಷ್ಟೇ. ಬರೀ ಜಾಕಿನ ಮೇಲೆ ನಿಂತ ಗಾಡಿಯ ಕೆಳಗೆ ತಲೆ ಇಡಬೇಡಿ. ಇಟ್ಟಿಗೆ, ಸಿಮೆಂಟ್ ಬ್ಲಾಕ್ ಇಡಲೇಬೇಡಿ, ಒಡೆದುಹೋಗುತ್ತವೆ. ಕಬ್ಬಿಣದ ಸ್ಟ್ಯಾಂಡ್ ಕೊಳ್ಳಿ, ಚಕ್ರದ ಹಿಂದೆ ಮುಂದೆ ಕಲ್ಲು ಕೊಡಿ.

ಮತ್ತೆ ಕ್ಯಾನಿಗೆ ಬರುತ್ತೇನೆ.

ಮೊದಲು ಪೇಟೆಯ ಒಂದು ಗ್ಯಾರೇಜಿಗೆ ಹೋದೆ. ‘ನಮ್ದೇ ಡ್ರಮ್ ತುಂಬ್ಕೊಂಡಿದೆ ಅಣ್ಣ. ನೀವು ಅದಕ್ಕೆ ಏನೇನು ಬೆರ್ಸಿದ್ದೀರೋ’ ಅಂದರು. ಅವರ ಅನುಮಾನವೂ ತಪ್ಪಲ್ಲ. ಆಮೇಲೆ ಗುಜರಿಯವನು ಬಂದ. ತಗೊಳ್ಳುತ್ತೇನೆ ಅಂದ. ತಗೊಂಡು ಎಲ್ಲಿಗೆ ಕೊಡುತ್ತೀಯಪ್ಪ ಅಂತ ಕೇಳಿದೆ. ‘ಅದೆಲ್ಲ ನಿಮಗ್ಯಾಕೆ?’ ಅಂದ. ನಾನು ಕೊಡಲಿಲ್ಲ. ಆಲೆಮನೆಯ ಒಬ್ಬರು ಒಲೆಗೆ ಹಾಕಲು ಕೇಳಿದರು. ರಚ್ಚು (ಅರೆದ ಕಬ್ಬಿನ ಸಿಪ್ಪೆ) ಹಸಿ ಇದ್ದಾಗ ಬೇಗ ಹತ್ತಿಕೊಳ್ಳುತ್ತದಂತೆ. ಆ ಹೊಗೆ ಎದುರಿಗೇ ಬೇಯುತ್ತಿರುವ ಬೆಲ್ಲದ ಕೊಪ್ಪರಿಗೆಗೆ ಇಳಿಯುವುದಿಲ್ಲವಾ? ಅದೇ ಬೆಲ್ಲವನ್ನು ಮಂಡ್ಯಕ್ಕೆ ಹೊರುವವನು ನಾನೇ ಅಲ್ವಾ? ಅವರಿಗೂ ಕೊಡಲಿಲ್ಲ. ಅವರು ನನ್ನ ಜೊತೆ ಒಂದು ತಿಂಗಳು ಮಾತು ಬಿಟ್ಟಿದ್ದರು.

ಕೊನೆಗೆ ಒಂದು ಸರ್ಕಾರಿ ಕಚೇರಿಗೆ ಹೋದೆ. ಯಾವುದು ಅಂತ ಬೇಡ. ಅಲ್ಲಿ ನಡೆದ ಮಾತು ಇಷ್ಟೇ.

‘ನಿಮ್ಮದು ಕಾರ್ಖಾನೆನಾ?’

‘ಅಲ್ಲ ಸಾರ್, ಪಿಕಪ್ಪು.’

‘ಸರ್ವಿಸ್ ಸ್ಟೇಷನ್ನಾ?’

‘ಅಲ್ಲ ಸಾರ್. ಮನೆ ಮುಂದೆ ಹುಣಸೆಮರ ಐತೆ, ಅದರ ಕೆಳಗೆ ಮಾಡ್ಕೋತೀನಿ.’

‘ಹಂಗಾದ್ರೆ ನಮಗೆ ಬರಲ್ಲ.’

ಹುಣಸೆಮರ ಯಾರಿಗೆ ಬರುತ್ತದೆ ಅಂತ ಕೇಳೋಣ ಅನ್ನಿಸಿತು. ಕೇಳಲಿಲ್ಲ.

ಐಟಿಐ ಓದುವ ಮಗ ಫೋನಿನಲ್ಲಿ ಕಾನೂನು ಹುಡುಕಿ ಓದಿ ಹೇಳಿದ. ಬಳಸಿದ ಆಯಿಲ್ 2016ರ ಅಪಾಯಕಾರಿ ತ್ಯಾಜ್ಯ ನಿಯಮಗಳ ಪಟ್ಟಿಯಲ್ಲೇ ಇದೆ. 2023ರಲ್ಲಿ ಆ ನಿಯಮಕ್ಕೆ ತಿದ್ದುಪಡಿ ಬಂತು. ಆಯಿಲ್ ತಯಾರಿಸುವವರು ಮತ್ತು ಹೊರದೇಶದಿಂದ ತರಿಸುವವರು ಬಳಸಿದ ಆಯಿಲಿನ ಮರುಬಳಕೆಯ ಹೊಣೆಯನ್ನೂ ಹೊರಬೇಕು. ಇದು 2024ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ಅಂದರೆ ಕಾಗದದ ಮೇಲೆ ದಾರಿ ಆಗಿಬಿಟ್ಟಿದೆ. ನಮ್ಮ ಹುಣಸೆಮರದವರೆಗೆ ಬಂದಿಲ್ಲ ಅಷ್ಟೇ.

ದೊಡ್ಡ ಯೋಜನೆ ಏನೂ ಬೇಕಾಗಿಲ್ಲ. ಬ್ಯಾಟರಿ ಅಂಗಡಿ ನೋಡಿ. ಹಳೆ ಬ್ಯಾಟರಿ ಕೊಟ್ಟರೆ ಹೊಸದರ ಬೆಲೆಯಲ್ಲಿ ಮುರಿದುಕೊಳ್ಳುತ್ತಾರೆ. ಹಾಗಾಗಿ ಒಂದು ಬ್ಯಾಟರಿಯನ್ನೂ ಯಾರೂ ನಾಲೆಗೆ ಎಸೆಯುವುದಿಲ್ಲ. ಖಾಲಿ ಸಿಲಿಂಡರ್ ಕೊಡದೆ ಗ್ಯಾಸಿನವರು ತುಂಬಿದ್ದನ್ನು ಇಳಿಸುತ್ತಾರಾ? ಆಯಿಲಿಗೂ ಅದೇ ಲೆಕ್ಕ ಮಾಡಲಿ. ಹೊಸ ಡಬ್ಬಿ ಮಾರುವ ಕೌಂಟರಿನಲ್ಲೇ ಹಳೆಯದನ್ನು ವಾಪಸ್ ತಗೊಳ್ಳಲಿ. ಲೀಟರಿಗೆ ಐದು ರೂಪಾಯಿ ಮುರಿದುಕೊಟ್ಟರೂ ಸಾಕು, ನಮ್ಮ ಜನ ಹೊತ್ತುಕೊಂಡು ಬರುತ್ತಾರೆ. ದುಡ್ಡು ಕೊಡದಿದ್ದರೂ ನಾನಂತೂ ತರುತ್ತೇನೆ. ತಾಲ್ಲೂಕಿಗೆ ನಾಲ್ಕು ಅಂಗಡಿಯಲ್ಲಿ ಮುಚ್ಚಳ ಇರುವ ಒಂದೊಂದು ಡ್ರಮ್, ತಿಂಗಳಿಗೊಮ್ಮೆ ಅದನ್ನು ಒಯ್ಯಲು ಪರವಾನಗಿ ಇರುವ ಒಂದು ಗಾಡಿ. ಇಷ್ಟೇ. ಹಾಲಿನ ಡೇರಿ ಊರೂರಿಗೂ ಇದೆ, ಅಲ್ಲೇ ಡ್ರಮ್ ಇಟ್ಟರೆ ಹೇಗೆ ಅಂತ ಒಂದು ದಿನ ಹೆಂಡತಿ ಹತ್ತಿರ ಹೇಳಿದೆ. ‘ಹಾಲಿನ ಪಕ್ಕದಲ್ಲಿ ಆಯಿಲ್ ಇಡ್ತಾರಾ? ಬುದ್ಧಿ ಎಲ್ಲಿ ಅಡ ಇಟ್ಟಿದ್ದೀರಿ?’ ಅಂದಳು. ಆ ಸಲಹೆಯನ್ನು ವಾಪಸ್ ತಗೊಂಡಿದ್ದೇನೆ.

ಟ್ರ್ಯಾಕ್ಟರ್, ಟಿಲ್ಲರ್, ಬೈಕು ಎಲ್ಲ ಸೇರಿಸಿದರೆ ನಮ್ಮೂರಲ್ಲಿ ಆಯಿಲ್ ಬದಲಾಯಿಸುವ ಮನೆಗಳು ಬಹಳ ಇವೆ. ಎಲ್ಲರ ಟಿನ್ನೂ ಎಲ್ಲೋ ಒಂದು ಕಡೆ ಬೋರಲಾಗುತ್ತಲೇ ಇದೆ. ಈ ನಾಲೆ ನಮ್ಮಲ್ಲಿಗೆ ನಿಲ್ಲುವುದಿಲ್ಲ. ಇದೇ ನೀರು ಕೆಳಗೆ ಮದ್ದೂರು, ಮಳವಳ್ಳಿ ಕಡೆಯ ಗದ್ದೆಗೂ ಹೋಗುತ್ತದೆ.

ಗೌರಿ ಹಬ್ಬದ ಹೊತ್ತಿಗೆ ನನ್ನ ಗಾಡಿಗೆ ಮತ್ತೆ ಆಯಿಲ್ ಬದಲಾಯಿಸಬೇಕು. ಎಂಟನೇ ಕ್ಯಾನ್ ತೊಳೆದು ಒಣಗಿಸಿ ಇಟ್ಟಿದ್ದೇನೆ. ಮಂಡ್ಯ, ಮೈಸೂರು ಕಡೆ ನನ್ನಂಥವರ ಕೈಯಿಂದ ಐದು ಲೀಟರ್ ತಗೊಂಡು ಸರಿಯಾದ ಕಡೆಗೆ ಮುಟ್ಟಿಸುವ ಜಾಗ ಓದುಗರಿಗೆ ಯಾರಿಗಾದರೂ ಗೊತ್ತಿದ್ದರೆ ದಯವಿಟ್ಟು ಇದೇ ಅಂಕಣಕ್ಕೆ ಬರೆದು ತಿಳಿಸಿ. ಕ್ಯಾನುಗಳನ್ನು ನಾನೇ ಪಿಕಪ್ಪಿಗೆ ಹಾಕಿಕೊಂಡು ಬಂದು ಕೊಡುತ್ತೇನೆ. ಬಾಡಿಗೆ ಬೇಡ.

ಇಂತಿ,
ಒಬ್ಬ ಪಿಕಪ್ ಮಾಲೀಕ, ಡ್ರೈವರ್, ಅರ್ಧ ಮೆಕ್ಯಾನಿಕ್
ಪಾಂಡವಪುರ ತಾಲ್ಲೂಕು, ಮಂಡ್ಯ ಜಿಲ್ಲೆ